ಎಂಟನೆಯ ಪ್ಯಾರಾಚೂಟ್

ಕ್ಲಬ್ಬಿನ ಪ್ಯಾಕಿಂಗ್ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಭುಜದ ನೋವು ಪೂರ್ತಿ ಹೋಯಿತೋ, ಇಲ್ಲ ಅಮ್ಮನಿಗೆ ಹೇಳುವ ಹಾಗೆ ಎಲ್ಲರಿಗೂ ‘ಏನಿಲ್ಲ, ಏನಿಲ್ಲ’ ಅನ್ನುತ್ತಲೇ ಇದ್ದೀಯೋ? ನೀನು ಫೋನ್ ಮಾಡಿದಾಗೆಲ್ಲ ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ. ಫೋನಿಲ್ಲದಿದ್ದರೂ ನಿನ್ನ ಊರಿಗೆ ಕೇಳಿಸಬೇಕು ಅನ್ನುವಷ್ಟು ಜೋರಾಗಿ ಅಮ್ಮ ಮಾತಾಡುವುದರಿಂದ ಅರ್ಧ ಸುದ್ದಿ ನನಗೂ ಸಿಗುತ್ತದೆ. ನೀನು ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸಕ್ಕೆ ಸೇರಿದ್ದು ತಿಳಿದದ್ದು ಹಾಗೆಯೇ. ಅಮ್ಮನಿಗೆ ಈ ಕೆಲಸ ಹಿಡಿಸಿದೆ. “ಅಲ್ಲಿ ಸೊಂಟಕ್ಕೆ ಹಗ್ಗನಾದ್ರೂ ಕಟ್ತಾರಂತೆ” ಎಂದು ಎದುರುಮನೆಯವರಿಗೆಲ್ಲ ಹೇಳಿಕೊಂಡು ಬಂದಳು. ಅವಳ ಮಂಡಿನೋವು ಇದ್ದ ಹಾಗೇ ಇದೆ, ರಕ್ತದೊತ್ತಡ ಹಿಡಿತದಲ್ಲಿದೆ, ಬಾಯಿ ಮಾತ್ರ ಹಿಡಿತದಲ್ಲಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ಕಾಗದದಲ್ಲಿ ಸುಳ್ಳು ಬರೆಯಬಾರದೆಂದು ತೀರ್ಮಾನಿಸಿ ಕೂತಿದ್ದೇನೆ.

ಎಂಟು ತಿಂಗಳಲ್ಲಿ ನಾಲ್ಕು ಸಲ ಬರೆದು ನಾಲ್ಕು ಸಲ ಹರಿದು ಹಾಕಿದೆ. ಈ ಸಲ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದಾಳಲ್ಲ ಅನ್ನಿಸಿದರೆ ಸಹಿಸಿಕೋ. ಮೊದಲಿನಿಂದ ಶುರುಮಾಡದಿದ್ದರೆ ನಾನು ನಡುವೆ ಎಲ್ಲೋ ನುಣುಚಿಕೊಂಡುಬಿಡುತ್ತೇನೆ, ಅದು ನನಗೆ ಗೊತ್ತು.

ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವವರ ಈ ಮೈದಾನಕ್ಕೆ ನಿನ್ನನ್ನು ಕರೆತಂದವಳು ನಾನು. ಆಗ ನಿನಗೆ ಹತ್ತೊಂಬತ್ತು. ಅಮ್ಮ ನಿನ್ನನ್ನು ‘ಬುಗುರಿ’ ಎಂದು ಕರೆಯುತ್ತಿದ್ದದ್ದು ನೀನು ಕೂತಲ್ಲಿ ಕೂರದವನೆಂದು. ವಿಮಾನದ ಬಾಗಿಲಲ್ಲಿ ಮಾತ್ರ ನೀನು ಕಲ್ಲಿನ ಹಾಗೆ ಅಲುಗಾಡದೆ ನಿಲ್ಲುತ್ತಿದ್ದೆ. ಮೂರು ವರ್ಷದಲ್ಲಿ ದೊಡ್ಡ ಪ್ಯಾರಾಚೂಟ್ ಬಿಟ್ಟು ಚಿಕ್ಕದಕ್ಕೆ, ಚಿಕ್ಕದು ಬಿಟ್ಟು ಇನ್ನೂ ಚಿಕ್ಕದಕ್ಕೆ ಇಳಿದೆ. ನಾವೆಲ್ಲ ಮರದಿಂದ ಉದುರುವ ಎಲೆಯ ಹಾಗೆ ಬಂದು ಇಳಿದರೆ, ನೀನು ಏಳುನೂರು ಅಡಿ ಎತ್ತರದಲ್ಲಿ ಒಂದು ಬದಿಯ ಪಟ್ಟಿ ಎಳೆದು, ಮುಕ್ಕಾಲು ಸುತ್ತು ತಿರುಗಿ, ನೆಲಕ್ಕೇ ಬಡಿಯುತ್ತೀಯೇನೋ ಅನ್ನುವಂತೆ ಧುಮುಕಿ, ಕೊನೆಯ ಗಳಿಗೆಯಲ್ಲಿ ಮಟ್ಟವಾಗಿ ಹುಲ್ಲಿನ ತುದಿ ಸವರಿಕೊಂಡು ನೂರು ಗಜ ಹಾರಿಹೋಗುತ್ತಿದ್ದೆ. ಆ ವೇಗಕ್ಕೆ ಪ್ಯಾರಾಚೂಟಿನ ಬಟ್ಟೆಯಿಂದ ಬರುತ್ತಿದ್ದ ಸದ್ದು ಈ ಕೋಣೆಯೊಳಗೂ ಕೇಳಿಸುತ್ತಿತ್ತು. ಎಲ್ಲರ ಎದುರು ನಿನ್ನನ್ನು ಬೈಯುತ್ತಿದ್ದೆ. ಕ್ಲಬ್ಬಿನ ಸುರಕ್ಷತಾ ಅಧಿಕಾರಿ ಆಗಿದ್ದವಳು, ಬೈಯದಿದ್ದರೆ ಹೇಗೆ? ವೇಗವಾಗಿ ಇಳಿಯುವವರು ಕೆರೆಯ ಪಕ್ಕದ ಮೈದಾನದಲ್ಲೇ ಇಳಿಯಬೇಕು, ಎಲ್ಲರೂ ಇಳಿಯುವ ದೊಡ್ಡ ಮೈದಾನದಲ್ಲಿ ಕಾಲು ಸುತ್ತಿಗಿಂತ ಹೆಚ್ಚು ತಿರುಗಕೂಡದು ಎಂದು ನನ್ನ ಕೈಯಾರೆ ಬರೆದ ಹಾಳೆ ಈ ಬಾಗಿಲ ಮೇಲೆ ಈಗಲೂ ಇದೆ. ಆದರೆ ನೀನು ಇಳಿಯುವ ಹೊತ್ತಿಗೆ ಪ್ಯಾರಾಚೂಟ್ ಹೊಲಿದು ಮಡಿಚುವ ಕೆಲಸ ಬಿಟ್ಟು, ಕೈಯಲ್ಲಿದ್ದ ಸೂಜಿ ಕೆಳಗಿಟ್ಟು ನಾನು ಕಿಟಕಿಗೆ ಬರುತ್ತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಲಿಲ್ಲ. ಹೇಳಿದರೆ ಕೊಬ್ಬುತ್ತೀಯ ಎಂದುಕೊಂಡಿದ್ದೆ.

ಆ ಭಾನುವಾರ ನಿನಗೆ ಸ್ಪರ್ಧೆಗೆ ಹತ್ತು ದಿನ ಉಳಿದಿತ್ತು. ವಾರವಿಡೀ ಸುರಿದ ಮಳೆಗೆ ಕೆರೆಯ ಕಡೆಯ ಮೈದಾನ ಕೆಸರಿನ ಗದ್ದೆಯಾಗಿತ್ತು. ನಾಲ್ಕು ಗಂಟೆಗೆ ನೀನು ಇಲ್ಲಿಗೇ ಬಂದೆ, ಈ ಮೇಜಿನ ಆ ಕಡೆ ನಿಂತೆ. ದೊಡ್ಡ ಮೈದಾನದಲ್ಲಿ ಇಳಿಯಲು ಬಿಡು, ಉಳಿದವರೆಲ್ಲ ಇಳಿಯುವ ತನಕ ಪಕ್ಕದಲ್ಲಿ ಕಾದು ಕೊನೆಯವನಾಗಿ ಬರುತ್ತೇನೆ ಅಂದೆ. ನಾನು ಆಗುವುದಿಲ್ಲ ಅಂದೆ. ನೀನು ಹಟ ಮಾಡಲಿಲ್ಲ, ತಲೆಯಾಡಿಸಿ ಹೊರಟೆ. ಹಟ ಮಾಡಿದ್ದರೆ ನಾನು ಜಗ್ಗುತ್ತಿರಲಿಲ್ಲವೇನೋ. ಬಾಗಿಲ ತನಕ ಹೋಗಿದ್ದವನನ್ನು ಕೂಗಿ ಕರೆದವಳು ನಾನೇ. “ಸರಿ, ಒಂದೇ ಒಂದ್ಸಲ. ನಿನ್ನ ಬಿಟ್ಟು ಎಂಟು ಜನ. ಎಂಟೂ ನೆಲದ ಮೇಲಿದೆ ಅಂತ ಎಣಿಸಿಕೊಂಡು ತಿರುಗು” ಅಂದೆ.

ಯಾಕೆ ಬಿಟ್ಟೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ನಿನ್ನ ಸ್ಪರ್ಧೆಗಾಗಿ ಅನ್ನುವುದು ಹೇಳಿಕೊಳ್ಳಲು ಚೆನ್ನಾಗಿದೆ. ನಿಜವಾದ ಕಾರಣ ಬೇರೆ. ಅವತ್ತು ಹೊರಗಿನ ಬೆಂಚುಗಳ ತುಂಬ ಜನ ಬಂದಿದ್ದರು, ಪಕ್ಕದ ಕ್ಲಬ್ಬಿನ ತರಬೇತುದಾರರೂ ಇದ್ದರು. ನನ್ನ ತಮ್ಮ ಹೇಗೆ ಇಳಿಯುತ್ತಾನೆ ಎಂದು ಅವರೆಲ್ಲ ನೋಡಲಿ ಅನ್ನುವ ಆಸೆ ನನಗೆ. ಅಕ್ಕನ ಆಸೆ ಮುಂದೆ ಬಂದಿತು, ಅಧಿಕಾರಿ ಹಿಂದೆ ಸರಿದಳು.

ಮುಂದಿನದು ನಿನಗೆ ಗೊತ್ತು, ಆದರೂ ಬರೆಯಬೇಕು. ಎಂಟು ಜನರಲ್ಲಿ ಒಬ್ಬರು ನಮ್ಮ ಲೆಕ್ಕದ ಮೇಷ್ಟ್ರು. ಅರವತ್ತು ತುಂಬಿ ನಿವೃತ್ತರಾದ ಮೇಲೆ ಹಾರಲು ಕಲಿತವರು, ಹಾರುವ ಮುಂಚೆ ತಾವು ಬೀಳಲು ಎಷ್ಟು ಸೆಕೆಂಡ್ ಬೇಕೆಂದು ಚೀಟಿಯಲ್ಲಿ ಲೆಕ್ಕ ಹಾಕಿ ವಿಮಾನದಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದವರು. ಸಣಕಲು ಮೈ, ದೊಡ್ಡ ಪ್ಯಾರಾಚೂಟ್. ನಾವು ಕಲಿಸಿದ ಹಾಗೆ ಎತ್ತರದಲ್ಲೇ ಬಿಚ್ಚಿಕೊಂಡು ನಿಧಾನವಾಗಿ ತೇಲಿ ಬರುತ್ತಿದ್ದರು. ನಿನ್ನ ಬೆನ್ನ ಹಿಂದೆ, ನಿನಗಿಂತ ಕೆಳಗೆ ಇದ್ದರು. ನೀನು ತಿರುಗಿ ಧುಮುಕಿದೆ. ಅವರು ನೆಲಕ್ಕೆ ಹದಿನೈದು ಅಡಿ ದೂರವಿರುವಾಗ ನಿನ್ನ ಕಾಲು ಅವರ ಪ್ಯಾರಾಚೂಟಿನ ಬಟ್ಟೆಗೆ ತಗುಲಿತು. ಬಟ್ಟೆ ಮುದುಡಿತು. ಮೇಷ್ಟ್ರು ಅಲ್ಲಿಂದಲೇ ನೆಲಕ್ಕೆ ಬಿದ್ದರು. ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದವು. ನೀನು ಆಚೆ ಉರುಳಿಬಿದ್ದು, ತೂಗುತ್ತಿದ್ದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವರ ಕಡೆ ಓಡಿದ್ದನ್ನು ನಾನು ನೋಡಿದೆ.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ, ಗೋಡೆಗೆ ಒರಗಿಸಿಟ್ಟ ಖಾಲಿ ಸ್ಟ್ರೆಚರಿನ ಪಕ್ಕ ಕೂತು ನೀನು ಒಂದೇ ಮಾತು ಹೇಳುತ್ತಿದ್ದೆ. “ಎಂಟು ಎಣಿಸಿದೆ ಅಕ್ಕಾ. ಎರಡು ಸಲ ಎಣಿಸಿದೆ.” ನಾನು ನಿನ್ನ ತಲೆ ಸವರಿ ಸುಮ್ಮನಿರು ಅಂದೆ. ಸಮಾಧಾನ ಮಾಡುತ್ತಿದ್ದಾಳೆ ಎಂದು ನೀನು ತಿಳಿದೆ. ನಾನು ನಿಜಕ್ಕೂ ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಯಾಕೆಂದರೆ ನೀನು ಎಣಿಸಿದ್ದು ಸರಿಯಾಗಿತ್ತು ಕಣೋ. ನೆಲದ ಮೇಲೆ ಎಂಟು ಪ್ಯಾರಾಚೂಟ್ ಇದ್ದವು. ಇಳಿದವರದು ಏಳು, ಎಂಟನೆಯದು ನನ್ನದು. ಕಲಿಯುವವರ ಹಳದಿ ಪ್ಯಾರಾಚೂಟೊಂದು ಒದ್ದೆಯಾಗಿ ಈ ಕೋಣೆಯಲ್ಲಿ ಬಿದ್ದಿತ್ತು. ಅದನ್ನು ಬಿಸಿಲಿಗೆ ಹರಡುವ ನೆಪ ಮಾಡಿಕೊಂಡು, ಎರಡೂ ಕೈಯಲ್ಲಿ ಬಾಚಿ ಹಿಡಿದು, ನಾನು ಮೈದಾನದ ಅಂಚಿಗೆ ನಡೆದುಬಂದಿದ್ದೆ. ನಿನ್ನನ್ನು ಕಿಟಕಿಯಿಂದ ಅಲ್ಲ, ಹತ್ತಿರದಿಂದ ನೋಡಬೇಕು ಅನ್ನಿಸಿತ್ತು. ಮೇಲಿನಿಂದ ನೋಡುವವನಿಗೆ ಆಗ ತಾನೇ ಇಳಿದು ಬಟ್ಟೆ ಎತ್ತಿಕೊಂಡು ಹೋಗುವವರಿಗೂ ನನಗೂ ಏನು ವ್ಯತ್ಯಾಸ?

ಇದು ಆಸ್ಪತ್ರೆಯ ಓಣಿಯಲ್ಲೇ ನನಗೆ ಹೊಳೆದಿತ್ತು. ಆದರೂ ಮಾರನೆಯ ದಿನ ಸಮಿತಿಗೆ ಕೊಟ್ಟ ವರದಿಯಲ್ಲಿ ನೀನು ‘ಅನುಮತಿಯಿಲ್ಲದೆ’ ಅಲ್ಲಿ ಇಳಿದೆ ಎಂದು ಬರೆದೆ. ಆ ಒಂದು ಪದ ಬರೆಯುವ ಮುಂಚೆ ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದದ್ದು ನೆನಪಿದೆ. ಸಮಿತಿಯವರು ನಿನ್ನನ್ನು ಕರೆದು ಅಕ್ಕ ಬರೆದದ್ದು ನಿಜವೇ ಎಂದು ಕೇಳಿದರು. ನಾನು ಅದೇ ಮೇಜಿನ ತುದಿಯಲ್ಲಿ ಕೂತಿದ್ದೆ. ನೀನು ನನ್ನ ಕಡೆ ಒಮ್ಮೆ ನೋಡಿ, “ಹೌದು, ಅಕ್ಕ ಬರೆದ ಹಾಗೇ” ಅಂದೆ. ಒಂದು ವರ್ಷ ಹಾರಕೂಡದು ಎಂದರು. ನೀನು ಒಂದು ವಾರದಲ್ಲಿ ಊರೇ ಬಿಟ್ಟೆ. ಬಸ್ಸಿಗೆ ಹತ್ತಿಸಲು ಅಮ್ಮ ಬಂದಳು, ನಾನು ಬರಲಿಲ್ಲ. ಕೆಲಸವಿತ್ತು ಎಂದು ಹೇಳಿದ್ದೆ. ಅವತ್ತು ಈ ಕೋಣೆಯಲ್ಲಿ ಒಂದೇ ಪ್ಯಾರಾಚೂಟನ್ನು ಮೂರು ಸಲ ಮಡಿಚಿ ಮೂರು ಸಲ ಬಿಚ್ಚಿದೆ.

ಆಮೇಲೆ ಏನಾಯಿತು ಕೇಳು. ಸಮಿತಿ ವೇಗದ ಇಳಿತವನ್ನೇ ಪೂರ್ತಿ ನಿಲ್ಲಿಸಿತು. ನಾನೂ ಕೈಯೆತ್ತಿದೆ. ಎಲ್ಲ ನಿಲ್ಲಿಸಿಬಿಟ್ಟರೆ ಯಾರೂ ಏನೂ ಕೇಳುವುದಿಲ್ಲವಲ್ಲ ಎಂಬ ಹೆದರಿಕೆ ನನ್ನ ಕೈ ಎತ್ತಿಸಿತ್ತು. ಆದರೆ ನಿನ್ನನ್ನು ನೋಡಿ ಕಲಿಯಬೇಕೆಂದಿದ್ದ ನಾಲ್ಕೈದು ಜನ ನಿಲ್ಲಿಸಲಿಲ್ಲ. ಯಾರೂ ನೋಡಿಕೊಳ್ಳದ, ಯಾರೂ ಹೇಳಿಕೊಡದ ಬೇರೊಂದು ಬಯಲಿಗೆ ಹೋಗಿ ತಾವೇ ಅಭ್ಯಾಸ ಮಾಡಿಕೊಂಡರು. ಅವರಲ್ಲೊಬ್ಬಳು, ದಾದಿಯ ಕೆಲಸ ಮಾಡುವ ಆ ಹುಡುಗಿ, ತಿರುವನ್ನು ತೀರಾ ತಗ್ಗಿನಲ್ಲಿ ಶುರುಮಾಡಿ ಎರಡೂ ಪಾದದ ಗಂಟು ಮುರಿದುಕೊಂಡಳು. ನೋಡಲು ಹೋದಾಗ, “ನಿಮ್ಮ ತಮ್ಮ ಇದ್ದಿದ್ರೆ ಯಾವ ಎತ್ತರ ಅಂತ ಹೇಳಿಕೊಡ್ತಿದ್ರು” ಅಂದಳು. ದೂರುವ ದನಿಯಲ್ಲಿ ಅಲ್ಲ, ಸುಮ್ಮನೆ ಇದ್ದದ್ದನ್ನು ಹೇಳುವ ಹಾಗೆ. ನನಗೆ ಅದೇ ಹೆಚ್ಚು ಚುಚ್ಚಿತು.

ಮೇಷ್ಟ್ರ ಮನೆಗೆ ವಾರಕ್ಕೊಮ್ಮೆ ಹೋಗುತ್ತೇನೆ. ಈಗ ಕೋಲು ಹಿಡಿದು ನಡೆಯುತ್ತಾರೆ. ಊರು ಬಿಡುವ ಮುಂಚೆ ನೀನು ಅವರ ಹಾಸಿಗೆಯ ಬಳಿ ಕೂತು ಕ್ಷಮೆ ಕೇಳಿದ್ದು, ಎಂಟು ಎಣಿಸಿದೆ ಎಂದು ಅವರಿಗೂ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ಅವರು ಕಿಟಕಿಯ ಪಕ್ಕ ಕೂತು ತಣ್ಣಗೆ ಕೇಳಿದರು: “ಒಂದು ಲೆಕ್ಕ ಬಗೆಹರೀತಾ ಇಲ್ಲಮ್ಮ. ಹುಡುಗ ಎಂಟು ಅಂದ. ನಾನಿನ್ನೂ ಮೇಲಿದ್ದೆ. ಹಾಗಾದ್ರೆ ಕೆಳಗೆ ಎಂಟನೆಯವರು ಯಾರು?” ಅವರು ನನ್ನ ಮೇಲೆ ಅನುಮಾನ ಪಟ್ಟು ಕೇಳಲಿಲ್ಲ. ಮೂಳೆ ಕೂಡುವ ತನಕ ಮಲಗಿದ್ದವರಿಗೆ ತಲೆಯಲ್ಲಿ ಅದೊಂದೇ ಲೆಕ್ಕ ಉಳಿದಿತ್ತು, ಅಷ್ಟೆ. ನಾನು “ನಾನು ಸಾರ್” ಅಂದೆ. ಹಳದಿ ಬಟ್ಟೆಯ ವಿಷಯ, ಅನುಮತಿ ಕೊಟ್ಟದ್ದು, ವರದಿ, ಎಲ್ಲ ಹೇಳಿದೆ. ಅವರು ಕೋಲನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ಬೇರೆ ಯಾರಿಗೆ ಹೇಳಿದ್ದೀಯ ಎಂದು ಕೇಳಿದರು. ಯಾರಿಗೂ ಇಲ್ಲ ಅಂದೆ. “ನಂಗೆ ಹೇಳಿ ಏನು ಬಂತು? ಎಣಿಸಿದವನಿಗೆ ಹೇಳು. ಇಷ್ಟು ತಿಂಗಳಿಂದ ಅವನು ತನಗೆ ಎಣಿಸಕ್ಕೇ ಬರಲ್ಲ ಅಂದುಕೊಂಡಿದ್ದಾನೆ” ಅಂದರು.

ಮೊದಲು ಸಮಿತಿಗೆ ಹೇಳಿದೆ. ನಿನಗೆ ಹೇಳುವುದಕ್ಕಿಂತ ಅದು ಸುಲಭವಾಗಿತ್ತು. ಹಳೆಯ ವರದಿಯನ್ನು ರದ್ದು ಮಾಡಿ ಹೊಸದನ್ನು ಬರೆದುಕೊಟ್ಟಿದ್ದೇನೆ. ನಿನ್ನ ಮೇಲಿನ ನಿರ್ಬಂಧ ತೆಗೆದಿದ್ದಾರೆ. ನನ್ನನ್ನು ಅಧಿಕಾರಿಯ ಸ್ಥಾನದಿಂದ ಇಳಿಸಿದರು, ಅದು ನ್ಯಾಯವೇ. ಪ್ಯಾಕಿಂಗ್ ಕೆಲಸ ಉಳಿದಿದೆ. ಕೆರೆಯ ಕಡೆಯ ಮೈದಾನಕ್ಕೆ ಮಣ್ಣು ತುಂಬಿಸಿ ಎತ್ತರಿಸಿದ್ದಾರೆ. ವೇಗದ ಇಳಿತಕ್ಕೆ ಮತ್ತೆ ಅವಕಾಶವಿದೆ. ಅಲ್ಲಿ ಮಾತ್ರ, ಬೇರೆಯೇ ಸರದಿಯಲ್ಲಿ, ಕಲಿಸುವವರೊಬ್ಬರು ಕೆಳಗೆ ನಿಂತು ನೋಡುತ್ತಿರುವಾಗ ಮಾತ್ರ. ವಿಮಾನ ಮೇಲಿರುವಾಗ ಯಾರೂ ಪ್ಯಾರಾಚೂಟ್ ಹಿಡಿದು ಮೈದಾನಕ್ಕೆ ಕಾಲಿಡಕೂಡದು ಅನ್ನುವುದು ಹೊಸ ನಿಯಮ. ಅದನ್ನು ಬರೆಸಿದವಳು ನಾನು. ಯಾಕೆ ಎಂದು ಹೊಸಬರು ಕೇಳಿದರೆ ಕಾರಣ ಹೇಳುತ್ತೇನೆ.

ನಿನ್ನದು ಏನೂ ತಪ್ಪಿರಲಿಲ್ಲ ಎಂದು ಬರೆದು ನಿನ್ನನ್ನು ಒಲಿಸಿಕೊಳ್ಳುವುದಿಲ್ಲ. ತಿರುಗುವ ಮುಂಚೆ ಒಮ್ಮೆ ಹಿಂದೆ ನೋಡಬೇಕಿತ್ತು, ಅದು ನಿನ್ನ ಪಾಲು. ಆದರೆ ನೀನು ನಿನ್ನ ಪಾಲಿನ ಜೊತೆ ನನ್ನ ಪಾಲನ್ನೂ ಹೊತ್ತುಕೊಂಡು ಹೋದೆ. ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಗೊತ್ತಿರಲಿ ಎಂದು ಬರೆದೆ. ಅಮ್ಮನಿಗೂ ನಿನ್ನೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಒಲೆಯ ಮುಂದೆ ನಿಂತವಳು ತಿರುಗಲೂ ಇಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಮಾತ್ರ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಿದ್ದಳು, ಮೇಲೆ ತನ್ನ ಸೊಟ್ಟ ಅಕ್ಷರದಲ್ಲಿ ನಿನ್ನ ವಿಳಾಸ ಬರೆದು.

ಹೊತ್ತಿಗೆ ಸರಿಯಾಗಿ ಉಣ್ಣು. ಭುಜಕ್ಕೆ ತಂಡಿ ತಾಗಿಸಬೇಡ. ಗಾಜಿನ ಮೇಲೆ ನೀರಿರುವಾಗ ಕಾಲು ಜೋಪಾನ. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮೇಷ್ಟ್ರ ಫೋನ್ ಬಂತು. ಬರುವ ತಿಂಗಳ ಮೊದಲ ಭಾನುವಾರ ಅವರು ಕ್ಲಬ್ಬಿಗೆ ಬರುತ್ತಾರೆ. ಇನ್ನು ಹಾರಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಕೂತು ನೋಡುತ್ತಾರಂತೆ. ನೀನು ಇಳಿಯುವುದನ್ನು ನೋಡಬೇಕಂತೆ. “ಅವತ್ತು ಹಿಂದಿನಿಂದ ಬಂದ, ಏನೂ ಕಾಣಲಿಲ್ಲ. ಒಂದ್ಸಲ ಮುಂದಿನಿಂದ ನೋಡ್ಬೇಕು” ಅಂದರು. ಕೆರೆಯ ಕಡೆ ಕುರ್ಚಿ ಎಲ್ಲಿ ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ನಿನ್ನನ್ನೇ ಕೇಳಿ ತಿಳಿಸಬೇಕಂತೆ. ಏನು ಹೇಳಲಿ?