ಮೂವತ್ತೊಂಬತ್ತು ಖಾಲಿ ಸೀಟು

ಗಜೇಂದ್ರಗಡ
೨೪-೧೦-೨೦೦೮, ಶುಕ್ರವಾರ ಮುಂಜಾನೆ

ಪ್ರೀತಿಯ ಫರ್ಜಾನಾಗೆ ಯೂಸುಫನ ಸಲಾಂ.

ಹೇಗಿದ್ದೀಯ? ಹಲ್ಲುನೋವು ಕಡಿಮೆಯಾಯಿತೇ? ಮಾವನವರ ಮೊಣಕಾಲು ಹೇಗಿದೆ? ಇಲ್ಲಿ ಅಮ್ಮ ಆರಾಮ, ನನ್ನನ್ನು ದಿನಕ್ಕೆ ಮೂರು ಸಲ ಬೈಯುವಷ್ಟು ಆರಾಮ. ಓಣಿಯಲ್ಲಿ ಯಾರು ಸಿಕ್ಕರೂ, "ಸೊಸೀನ್ನ ತವರಮನ್ಯಾಗ ಬಿಟ್ಟು ಬಂದ ಶಾಣ್ಯಾನ್ನ ನೋಡ್ರಿ" ಎಂದು ನನ್ನನ್ನು ತೋರಿಸುತ್ತಾಳೆ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಿನ್ನ ಒಬ್ಬಳೇ ತಂಗಿ ಸೈರಾಬಾನುವಿನ ನಿಕಾಹ್‌ಗೆ ಹೊರಟ ದಿನ, ಎರಡು ಸೀಟಿನ ಆಸೆಗೆ ರೋಣದ ಸ್ಟ್ಯಾಂಡಿನಲ್ಲಿ ಒಂದೂವರೆ ತಾಸು ನನ್ನ ಬಾಡಿಗೆ ಟ್ರ್ಯಾಕ್ಸ್ ಗಾಡಿ ನಿಲ್ಲಿಸಿದ್ದು ನಾನೇ. ನಾವು ನರಗುಂದ ಮುಟ್ಟಿದಾಗ ಬಿರಿಯಾನಿ ಹಂಡೆ ತೊಳೆಯುತ್ತಿದ್ದರು. "ನಿಮಗ ಹೇಂತಿಗಿಂತ ಸೀಟ ದೊಡ್ಡದು" ಎಂದು ನೀನು ಅಲ್ಲೇ ಉಳಿದೆ. ಮೂರು ತಿಂಗಳಾಯಿತು. ಗಾಡಿ ತುಂಬದೆ ಬಿಡಬಾರದೆಂಬುದು ನಮ್ಮ ಲೈನಿನ ಕಾಯಿದೆ ಎಂದು ಅಂದು ವಾದಿಸಿದ್ದೆ. ಈಗ ವಾದವಿಲ್ಲ. ಯಾಕೆಂದರೆ ಪುಣೆಯಲ್ಲಿ ಒಂದು ದೇಶಕ್ಕೆ ದೇಶವೇ ಅಳುವಂತೆ ಮಾಡಿ ಬಂದಿದ್ದೇನೆ.

ಕಾಮನ್‌ವೆಲ್ತ್ ದೇಶಗಳ ಹುಡುಗ ಹುಡುಗಿಯರ ಕ್ರೀಡಾಕೂಟಕ್ಕೆ ಬಸ್ಸು ಓಡಿಸಲು ಹೋಗಿದ್ದೆನಲ್ಲ, ನನ್ನ ಪಾಲಿಗೆ ಬಂದದ್ದು ನಲವತ್ತೆರಡು ಸೀಟಿನ ಬಸ್ಸು ಮತ್ತು ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪದ ದೇಶ. ಅದರ ಹೆಸರು ಇನ್ನೂ ನನ್ನ ನಾಲಿಗೆಗೆ ಹೊರಳುತ್ತಿಲ್ಲ. ಮೊದಲ ದಿನ ಮೂರು ಜನ ಹತ್ತಿದರು: ಲೂಯಿಸಾ ಎಂಬ ಓಟದ ಹುಡುಗಿ, ಅವಳ ಕೋಚ್, ಕೊರಳಲ್ಲಿ ಬಿಲ್ಲೆ ಹಾಕಿಕೊಂಡ ಒಬ್ಬ ಸಾಹೇಬ. ಉಳಿದವರು ಬರಲಿ ಎಂದು ನಾನು ಇಂಜಿನ್ ಬಂದ್ ಮಾಡಿ ಕೆಳಗಿಳಿದು ಚಹಾ ಕುಡಿದೆ. ಯಾರೂ ಬರಲಿಲ್ಲ. ಚಟ ಬಿಡುತ್ತದೆಯೇ? ಬಾಗಿಲು ಬಡಿದು, "ಸ್ಟೇಡಿಯಂ, ಸ್ಟೇಡಿಯಂ, ಒಂದ ಸೀಟ್!" ಎಂದು ಕೂಗಿದೆ. ದಾರಿಯಲ್ಲಿ ಹೊರಟಿದ್ದ ಬೇರೆ ದೇಶದ ಇಬ್ಬರು ಕುಸ್ತಿ ಹುಡುಗರನ್ನು ರಟ್ಟೆ ಹಿಡಿದು ಹತ್ತಿಸಿದೆ. ಅವರು ನಾಷ್ಟಾಕ್ಕೆ ಹೊರಟಿದ್ದರಂತೆ, ಇಳಿದು ಹೋದರು. ಸಾಹೇಬ ಗಡಿಯಾರ ತೋರಿಸಿದರೆ ನಾನು ಐದು ಬೆರಳು ತೋರಿಸಿದೆ. ಎಲ್ಲ ಪ್ಯಾಸೆಂಜರಿಗೂ ತೋರಿಸುವುದೇ ಅಷ್ಟು.

ಕೊನೆಗೆ ಅವರ ಜೊತೆಗಿರಲು ನೇಮಿಸಿದ ಪುಣೆಯ ಹುಡುಗಿ ಓಡಿಬಂದು ಹಿಂದಿಯಲ್ಲಿ ಬೈದಳು. ಆ ದೇಶದಿಂದ ಆಡಲು ಬಂದವಳು ಇವಳೊಬ್ಬಳೇ, ಇಡೀ ದೇಶ ಹತ್ತಿ ಕೂತಾಗಿದೆ, ಇನ್ನು ಯಾರನ್ನು ಕಾಯುತ್ತೀ ಎಂದಳು. ಒಳಗೆ ನೋಡಿದೆ. ಲೂಯಿಸಾ ಬೂಟಿನ ಲೇಸು ಕಟ್ಟುವುದು, ಬಿಚ್ಚುವುದು, ಕಣ್ಣು ಒರೆಸಿಕೊಳ್ಳುವುದು. ಯಾ ಅಲ್ಲಾ, ರೋಣದಲ್ಲಿ ಜರಿ ಸೀರೆ ಉಟ್ಟು ಕಿಟಕಿಗೆ ಒರಗಿ ಕೂತಿದ್ದ ನಿನ್ನ ಮುಖವೂ ಹೀಗೇ ಇತ್ತಲ್ಲ! ನೋಡಿಯೂ ನೋಡದವನ ಹಾಗೆ ನಾನು "ನರಗುಂದ, ನರಗುಂದ" ಎಂದು ಅರಚುತ್ತಿದ್ದೆ. ಭಾಳ ನಾಚಿಕೆಯಾಯಿತು, ಫರ್ಜಾನಾ.

ಪುಣೆಯ ಹುಡುಗಿ ಬಾಗಿಲಲ್ಲೇ ನಿಂತಳು, ಮೂವತ್ತೊಂಬತ್ತು ಖಾಲಿ ಸೀಟು ಹೊತ್ತು ಬಸ್ಸು ಬಿಟ್ಟೆ. ರಸ್ತೆಯಲ್ಲಿ ಯಾರು ಕೈ ಎತ್ತಿದರೂ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಕಾಲಿಗೆ ಬೈದು ಬೈದು ಓಡಿಸಿದೆ. ಹೆಸರು ಕರೆಯುವ ಹೊತ್ತಿಗೆ ಮುಟ್ಟಿದೆವು. ಹುಡುಗಿ ಓಡಿದಳು, ಎಂಟು ಮಂದಿಯಲ್ಲಿ ಎಂಟನೆಯವಳಾಗಿ ಬಂದಳು. ನಾನು ಹಣೆ ಬಡಿದುಕೊಂಡರೆ ಕೋಚ್ ಕುಣಿಯುತ್ತಿದ್ದಾನೆ! ಅವರ ದೇಶದಲ್ಲಿ ಇದುವರೆಗೆ ಯಾವ ಹುಡುಗಿಯೂ ಅಷ್ಟು ಜೋರಾಗಿ ಓಡಿರಲಿಲ್ಲವಂತೆ. ತಡಮಾಡಿದವನು ನಾನೇ ಎಂಬುದನ್ನೂ ಮರೆತು ನನ್ನ ಕೈ ಹಿಡಿದು ಕುಣಿಸಿದ. ನೀನು ಅಷ್ಟು ಲಗೂ ಮರೆಯುವವಳಲ್ಲ, ಗೊತ್ತು.

ಮಾವನವರಿಗೂ ಮಕ್ತುಮಬಿ ಅತ್ತೆಗೂ ಸಲಾಂ ಹೇಳು. ಸೈರಾಬಾನುವಿಗೆ ನನ್ನ ಪರವಾಗಿ ಮಾಫಿ ಕೇಳು. ಎದುರು ನಿಂತು ಕೇಳಲು ನನಗೆ ಧೈರ್ಯವಿಲ್ಲ. ಅಲ್ಲಾಹ್ ನಿಮ್ಮನ್ನೆಲ್ಲ ಸುಖವಾಗಿಟ್ಟಿರಲಿ.

ನಿನ್ನ ತಪ್ಪಿತಸ್ಥ,
ಯೂಸುಫ

ತಾ.ಕ.: ಇದನ್ನು ಟಪಾಲಿಗೆ ಹಾಕಲಿಲ್ಲ. ಗಜೇಂದ್ರಗಡದಿಂದ ಒಬ್ಬರನ್ನೂ ಹತ್ತಿಸದೆ ಬಂದು ನಿಮ್ಮ ಓಣಿಯ ಮೂಲೆಯಲ್ಲಿ ಗಾಡಿ ನಿಲ್ಲಿಸಿದ್ದೇನೆ. ಪತ್ರವನ್ನು ನಿಮ್ಮ ಪಕ್ಕದ ಮನೆಯ ಚಮನಬಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಆಗಲೇ ಹನ್ನೊಂದು ಮಂದಿ "ರೋಣಕ್ಕ ಹೊಂಟೀರೇನ್ರಿ?" ಎಂದು ಕೇಳಿದರು. "ಗಾಡಿ ತುಂಬೇತ್ರಿ" ಎಂದೆ. ಖಾಲಿ ಗಾಡಿ ನೋಡಿದರು, ನನ್ನ ಮುಖ ನೋಡಿದರು, ಹೋದರು. ಸೀರೆ ಬದಲಿಸುತ್ತ ಕೂಡಬೇಡ, ಇದ್ದ ಹಾಗೇ ಬಾ. ಹನ್ನೆರಡನೆಯವನಿಗೂ ಇಲ್ಲ ಎನ್ನುವ ತಾಕತ್ತು ನನಗಿದೆಯೋ ಇಲ್ಲವೋ, ಖುದಾನೇ ಬಲ್ಲ.