ಪಾತ್ರೆಯೊಳಗಿನ ಅಪ್ಪ

ಅಪ್ಪಾ,

“ಆಟ ಆಡೋದೂ ಒಂದು ಕೆಲಸವೇನೇ?” ಎಂದು ಸಾಯುವವರೆಗೂ ಹಂಗಿಸಿದಿರಲ್ಲ, ಇವತ್ತು ನಾನು ಮಾಡಿದ ಕೆಲಸ ಕೇಳಿ.

ನೊಂದ ಮಕ್ಕಳಿಗೆ ಆಟದಲ್ಲೇ ಚಿಕಿತ್ಸೆ ಕೊಡುವ ನನ್ನ ಕೋಣೆಗೆ ಎರಡು ತಿಂಗಳಿಂದ ಬಂದರೂ ತುಟಿಪಿಟಕ್ಕೆನ್ನದ ಆರು ವರ್ಷದ ಹುಡುಗಿಯೊಬ್ಬಳು ಅಪ್ಪ-ಗೊಂಬೆಯನ್ನು ಆಟದ ಪಾತ್ರೆಗೆ ತುರುಕಿ ಮುಚ್ಚಳ ಹಾಕಿದಳು. “ಕಿರುಚಿದ್ರೆ ತೆಗೆಯಲ್ಲ!” ಎಂದಳು. ನಾನು ಬುದ್ಧಿ ಹೇಳಲಿಲ್ಲ. “ಅಪ್ಪ ಕಿರುಚಿದ್ರೆ ನಿಂಗೆ ಸಿಟ್ಟು ಬರುತ್ತೆ,” ಎಂದೆ, ಅಷ್ಟೇ. ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ಗಳಗಳನೆ ಅತ್ತಳು. ಆಮೇಲೆ ತಾನಾಗಿಯೇ ಅದನ್ನು ಸರಿಸಿ, “ಈಗ ಮೆತ್ತಗೆ ಮಾತಾಡು,” ಎಂದು ಗೊಂಬೆಯ ತಲೆ ನೇವರಿಸಿದಳು.

ಹೌದಪ್ಪ, ಇದೇ ನನ್ನ ಕೆಲಸ. ನಾಳೆಯೂ ಆಡುತ್ತೇನೆ.

ಅವಳು ಹೋದ ಮೇಲೆ ಸಾಮಾನು ಎತ್ತಿಡುವಾಗ ಆ ಗೊಂಬೆಯನ್ನು ನಾನೇ ಮತ್ತೆ ಪಾತ್ರೆಗೆ ಹಾಕಿ ಮುಚ್ಚಿದೆ. ಮೆತ್ತಗೆ ಮಾತಾಡುತ್ತೀರಾದರೆ ಹೇಳಿ, ತೆಗೆಯುತ್ತೇನೆ.