ಕೊರ್ಫುವಿನಲ್ಲಿ ಮಡಕೆ ಒಡೆಯುವ ಶನಿವಾರ

ಮಾರ್ಚ್ 3, 2009, ಮಂಗಳವಾರ

ಹಿಮ ಇನ್ನೂ ಕರಗಿಲ್ಲ. ಶಾಲೆ ತಡವಾಗಿ ತೆರೆಯುತ್ತದಂತೆ, ಮಗಳು ಶರ್ವಾಣಿ ಇನ್ನೂ ಎದ್ದಿಲ್ಲ. ಎಂದಿನಂತೆ ಪ್ರಾಣೇಶ್ ಬಂದು, ನಿಂತೇ ಕಾಫಿ ಕುಡಿದು, ನನ್ನ ಗಂಡ ಬದರಿಯ ಕಾರಿನಲ್ಲಿ ಕ್ರ್ಯಾನ್‌ಬರಿಯ ಆಫೀಸಿಗೆ ಹೊರಟರು. ಇಬ್ಬರದೂ ಒಂದೇ ಔಷಧ ಕಂಪನಿ, ಒಂದೇ ಐಟಿ ಟೀಮ್. ಬದರಿ ಮ್ಯಾನೇಜರ್, ಅಷ್ಟೇ ವ್ಯತ್ಯಾಸ.

ಆಮೇಲೆ ಪ್ರಾಣೇಶರ ಹೆಂಡತಿ ಮಾಧವಿಯ ಫೋನ್. "ಏಪ್ರಿಲ್‌ನಾಗ ಕೊರ್ಫುಗೆ ಸ್ವೆಟರ್ ಬೇಕಾಗ್ತದೇನು?" ನಾವಿರುವ ಈ ಪ್ಲೇನ್ಸ್‌ಬರೋಗೆ ಬಂದು ಎಷ್ಟು ವರ್ಷವಾದರೂ ಧಾರವಾಡ ಅವಳ ನಾಲಿಗೆ ಬಿಟ್ಟಿಲ್ಲ. ಗ್ರೀಕರ ದ್ವೀಪದಲ್ಲಿ ಈಸ್ಟರ್ ನೋಡುವ ಹುಚ್ಚು ಅವಳದೇ. ಕಳೆದ ವರ್ಷ, ಷೇರುಪೇಟೆ, ಕೆಲಸ ಎಲ್ಲ ಕುಸಿಯುವ ಮೊದಲು, ಎರಡೂ ಮನೆಯವರು ಸೇರಿ ಟಿಕೆಟ್ ಮಾಡಿಸಿದ್ದು.

ಬದರಿ ಮಾತ್ರ ಈಚೆಗೆ ಟ್ರಿಪ್ಪಿನ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಕೇಳಿದರೆ "ಆಫೀಸಲ್ಲಿ ಟೆನ್ಷನ್." ಯಾರ ಆಫೀಸಲ್ಲಿಲ್ಲ?

ಮಾರ್ಚ್ 13, ಶುಕ್ರವಾರ

ಪ್ರಾಣೇಶರ ಕೆಲಸ ಹೋಯಿತು.

ಬೆಳಿಗ್ಗೆ ಕರೆದು ಹೇಳಿದರಂತೆ. ಮಧ್ಯಾಹ್ನದೊಳಗೆ ಬ್ಯಾಡ್ಜ್ ಇಸಿದುಕೊಂಡು ಹೊರಗೆ. ಕಾರು ಬದರಿಯದು — ಮನೆಗೆ ಬರುವುದು ಹೇಗೆ? ಮಾಧವಿ ಹೋಗಿ ಕರೆತಂದಳು. ರಟ್ಟಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಕೂತಿದ್ದರಂತೆ.

"ಮುಂಜಾನೆ ನಿಮ್ಮನಿಯೊಳಗ ಕಾಫಿ ಕುಡದು ಹೋದವರು, ಪ್ರಭಾ. ಬದರಿಯವರಿಗೆ ಗೊತ್ತಿತ್ತೇನು?"

"ಮೇಲಿನಿಂದ ಬಂದಿದ್ದು ಕಣೆ. ಅವರ ಕೈಲಿ ಏನಿರುತ್ತೆ?" ಅಂದೆ. ಹಾಗೆಂದೇ ನಂಬಿದ್ದೇನೆ.

ಸಂಜೆ ಬದರಿ ಒಬ್ಬನೇ ಬಂದ.

"ಗೊತ್ತಿತ್ತಾ?"

"ಅದೆಲ್ಲ ಕಾನ್ಫಿಡೆನ್ಷಿಯಲ್ ಇರುತ್ತೆ, ಪ್ರಭಾ."

ಗೊತ್ತಿದ್ದೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋದನೇ! ಟೀವಿ ಹಾಕಿದ. ರಿಮೋಟ್ ಕಿತ್ತುಕೊಂಡು ಸೋಫಾದ ಹಿಂದಕ್ಕೆ ಎಸೆದೆ. ಮಹಡಿಯಿಂದ ಶರ್ವಾಣಿ — "ಗೈಸ್, ಸೀರಿಯಸ್ಲೀ?"

ಏಪ್ರಿಲ್ 6, ಸೋಮವಾರ

ಗಂಡಸರಿಬ್ಬರೂ ಟ್ರಿಪ್ಪಿಗೆ ಬರುವುದಿಲ್ಲ. ನಾನೂ ಬೇಡವೆಂದೆ. ಮಾಧವಿ ಬಿಡಬೇಕಲ್ಲ.

"ಮನಿಯೊಳಗ ಕೂತು ಇವರ ಮಾರಿ ನೋಡಿ ನೋಡಿ ಸಾಕಾಗೇದ. ಟಿಕೆಟ್ ಹೆಂಗೂ ಅದಾವ. ನಾವಿಬ್ಬರೇ ಹೋಗೂಣು ನಡಿ."

ಹೂಂ ಅಂದೆ. ಅವಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಏಪ್ರಿಲ್ 14, ಮಂಗಳವಾರ, ನೂಆರ್ಕ್ ಏರ್‌ಪೋರ್ಟ್

ಸಿಟ್ಟು ಇಳಿಯುತ್ತಿಲ್ಲ.

ಬಿಡಲು ಬಂದ ಬದರಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಬಾಯಿಬಿಟ್ಟ. ಮೇಲಿನಿಂದ ಬಂದದ್ದು 'ಒಬ್ಬರನ್ನು ತೆಗೆಯಿರಿ' ಎಂಬ ಮಾತು ಮಾತ್ರ. ಯಾರನ್ನು ಎಂದು ಆರಿಸಿದ್ದು ಇವನು. ಪ್ರಾಣೇಶ್, ಇಲ್ಲವೇ ಸೂರ್ಯನಾರಾಯಣ ಎಂಬ ಹೊಸಬ.

"ಅವನು ಎಚ್-ಒನ್ ವೀಸಾದಲ್ಲಿದಾನೆ. ಹೆಂಡತಿ ಬಸುರಿ. ಕೆಲಸ ಹೋದ್ರೆ ದೇಶಾನೇ ಬಿಡಬೇಕು. ಪ್ರಾಣೇಶನಿಗೆ ಗ್ರೀನ್ ಕಾರ್ಡ್ ಇದೆ, ಇನ್ನೊಂದು ಕೆಲಸ ಸಿಗುತ್ತೆ ಅಂದ್ಕೊಂಡೆ." ಏರ್‌ಪೋರ್ಟಿನಲ್ಲಿ ಕಾರು ನಿಲ್ಲಿಸುತ್ತಾ — "ಮಾಧವಿಗೆ ಹೇಳ್ಬೇಡ."

ಸೂಟ್‌ಕೇಸ್ ಇಳಿಸಿ ಹೊರಟೇಹೋದ. ತನ್ನ ಹೊರೆ ನನ್ನ ತಲೆಗೆ ದಾಟಿಸಲು ಇದೇ ಹೊತ್ತು ಸಿಕ್ಕಿತೇ? ಇನ್ನು ಅಷ್ಟೂ ದಿನ ಅವಳೊಂದಿಗೆ ಒಂದೇ ಕೋಣೆ… ಅಗೋ ಬಂದಳು. ಕೈಯಲ್ಲಿ ಚಕ್ಕುಲಿ ಡಬ್ಬಿ.

ಏಪ್ರಿಲ್ 17, ಕೊರ್ಫು. ಇಲ್ಲಿಯವರ ಗುಡ್ ಫ್ರೈಡೇ

ನಮ್ಮ ಕಡೆ ಈಸ್ಟರ್ ಹೋದ ಭಾನುವಾರವೇ ಮುಗಿಯಿತು. ಇವರ ಪಂಗಡದ ಲೆಕ್ಕವೇ ಬೇರೆ; ಇವರದು ಈ ಭಾನುವಾರ. ಗುಡ್ಡದ ತುಂಬ ಹಳದಿ ಹೂ, ಆಲಿವ್ ಮರ. ಓಣಿಗಳಲ್ಲಿ ಹೂವಿನಿಂದ ಸಿಂಗರಿಸಿದ ಕ್ರಿಸ್ತನ ಚಟ್ಟ ಹೊತ್ತು ಮೆರವಣಿಗೆ, ಹಿಂದೆ ಬ್ಯಾಂಡಿನವರ ಶೋಕರಾಗ. ಚೆನ್ನಾಗಿದೆ. ಎಲ್ಲವೂ ಚೆನ್ನಾಗಿದೆ. ನನಗೆ ಯಾವುದೂ ಒಳಗಿಳಿಯುತ್ತಿಲ್ಲ.

ಊರಿಗೆ ಊರೇ ಉಪವಾಸ — ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲೂ ಇಲ್ಲ. ನಾವು ಇಳಿದುಕೊಂಡ ಮನೆಯ ಒಡತಿ ಸ್ಪಿರಿದೂಲಾ, ಮಾಂಸ ಮುಟ್ಟದ ನಮ್ಮನ್ನು ಮಹಾ ಭಕ್ತೆಯರೆಂದು ತಿಳಿದು ಬೀನ್ಸ್ ಬಡಿಸಿದ್ದೇ ಬಡಿಸಿದ್ದು.

ಮಾಧವಿ ಗಂಡನಿಗೆ ತೋರಿಸಲೆಂದು ಫೋಟೋ ತೆಗೆಯುತ್ತಾಳೆ. "ಬದರಿಯವರಿಗೂ ಒಂದು ತೆಗೀಲೇನು?" ಅಂದಳು. ರೇಗಿಬಿಟ್ಟೆ. ಪಾಪ, ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಏಪ್ರಿಲ್ 18, ಶನಿವಾರ, ಮಧ್ಯಾಹ್ನ

ಹೇಳಿಬಿಟ್ಟೆ.

ಬೆಳಿಗ್ಗೆ ಚರ್ಚಿನ ಗಂಟೆ ಬಡಿದದ್ದೇ ಬಾಲ್ಕನಿಗಳಿಂದ ಮಡಕೆಗಳು ಉರುಳತೊಡಗಿದವು. ನೀರು ತುಂಬಿದ ಮಣ್ಣಿನ ಮಡಕೆ, ಕೆಲವು ಇಬ್ಬರು ಎತ್ತುವಷ್ಟು ದೊಡ್ಡವು. ಬೀದಿಯ ತುಂಬ ಚೂರು, ಕೇಕೆ. ಕೆಟ್ಟದ್ದೆಲ್ಲ ತೊಲಗಲಿ ಎಂದಂತೆ. ಸ್ಪಿರಿದೂಲಾ ನಮಗೂ ಒಂದೊಂದು ಕೊಟ್ಟಳು. ಮಾಧವಿ ಎರಡೂ ಕೈಯಲ್ಲಿ ಎತ್ತಿ ಎಸೆದು ನಕ್ಕಳು — ಪ್ರಾಣೇಶರ ಕೆಲಸ ಹೋದ ಆ ಶುಕ್ರವಾರದ ನಂತರ ಕಾಣದ ನಗು.

"ಒಗಿ, ಪ್ರಭಾ! ಜೋರ್‍ಲೆ ಒಗಿ!"

ಆಗಲಿಲ್ಲ. ಮಡಕೆ ಎದೆಗವಚಿಕೊಂಡೇ ಎಲ್ಲ ಹೇಳಿದೆ. ಗದ್ದಲದಲ್ಲಿ ಕೇಳಿಸದೆ ಮತ್ತೊಮ್ಮೆ ಹೇಳಬೇಕಾಯಿತು.

ನಗು ನಿಂತಿತು. ಕೈಗಂಟಿದ ಮಣ್ಣು ಉಜ್ಜಿ ಉದುರಿಸಿದಳು.

"ಆ ಹುಡುಗನ್ನ ಉಳಿಸಿದ್ದಕ್ಕ ನಾ ಏನೂ ಅನ್ನೂದಿಲ್ಲ. ಆದ್ರ ದಿನಾ ಒಂದೇ ಕಾರಿನಾಗ ಹೋಗವರು. ನಮ್ಮ ಇವರಿಗೆ ಒಂದು ಮಾತು ಹೇಳಬಾರದಿತ್ತೇನು? ಕೇಳಿದ್ರ ಇವರೇ ಹೂಂ ಅಂತಿದ್ರು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ಪಿರಿದೂಲಾ ನನ್ನ ಕೈಯಿಂದ ಮಡಕೆ ತೆಗೆದುಕೊಂಡು ತಾನೇ ಎಸೆದಳು.

ಏಪ್ರಿಲ್ 19, ಭಾನುವಾರ, ಈಸ್ಟರ್

ಹಿತ್ತಲಲ್ಲಿ ಕೆಂಡದ ಮೇಲೆ ಇಡೀ ಕುರಿಮರಿ ತಿರುಗುತ್ತಿದೆ. ನಾವು ಇಂದೂ ತಿನ್ನುವುದಿಲ್ಲವೆಂದರೆ ಸ್ಪಿರಿದೂಲಾಗೆ ಅರ್ಥವೇ ಆಗದು. ಉಪವಾಸ ಮುಗಿಯಿತಲ್ಲ ಎಂದು ಹರಕು ಇಂಗ್ಲಿಷಿನಲ್ಲಿ ಗೋಗರೆದಳು. ಕೊನೆಗೆ ಕೆಂಪು ಬಣ್ಣ ಹಾಕಿದ ಮೊಟ್ಟೆ ಕೈಗಿಟ್ಟಳು. ಒಬ್ಬರದಕ್ಕೆ ಒಬ್ಬರು ಕುಟ್ಟಬೇಕು; ಯಾರದು ಒಡೆಯುವುದಿಲ್ಲವೋ ಅವರಿಗೆ ಅದೃಷ್ಟ.

ಮಾಧವಿ ಜನ್ಮದಲ್ಲಿ ಮೊಟ್ಟೆ ಮುಟ್ಟಿದವಳಲ್ಲ. ತೆಗೆದುಕೊಂಡಳು. ನನ್ನದಕ್ಕೆ ಕುಟ್ಟಿದಳು, ಬೇಕಾದ್ದಕ್ಕಿಂತ ಜೋರಾಗಿ. ನನ್ನದು ಬಿರಿಯಿತು.

"ಆತಲ್ಲ," ಅಂದಳು. ನಿನ್ನೆಯಿಂದ ಆಡಿದ ಮೊದಲ ಮಾತು.

ಮೇ 9, ಶನಿವಾರ, ಕಾರಿನಲ್ಲಿ

ಪ್ರಾಣೇಶರಿಗೆ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದೆ. ನಾಳೆಯೇ ಹೊರಡುತ್ತಾರಂತೆ. ಹೇಳಿದ್ದು ಮಾಧವಿಯಲ್ಲ, ಇಂಡಿಯನ್ ಸ್ಟೋರಿನ ಆಂಟಿ. ವಾಪಸ್ ಬಂದಾಗಿನಿಂದ ನನ್ನ ಫೋನ್ ಎತ್ತಿಲ್ಲ ಅವಳು. ಬದರಿಯದು ದಿನಾ ಒಂದೇ ಪಾಠ: "ನಾಳೆ ಹೋಗಿ ಮಾತಾಡ್ತೀನಿ." ಸಾಕಾಯಿತು. ಬದರಿಯನ್ನು ಕೂರಿಸಿಕೊಂಡು ನಾನೇ ಡ್ರೈವ್ ಮಾಡಿ ಅವರ ಮನೆಯೆದುರು ತಂದು ನಿಲ್ಲಿಸಿದೆ.

"ಏನಂತ ಹೇಳಲಿ?"

"ನಿಮ್ಮನ್ನ ಕೇಳಲಿಲ್ಲ, ತಪ್ಪಾಯ್ತು ಅನ್ನು. ಅಷ್ಟೇ. ಎಚ್-ಒನ್ನು, ಗ್ರೀನ್ ಕಾರ್ಡು ಏನೂ ಬೇಡ."

"ನೀನೂ ಬಾ."

"ಇಲ್ಲ."

ಸೀಟ್‌ಬೆಲ್ಟ್ ಬಿಚ್ಚಲು ಎಷ್ಟು ಹೊತ್ತು! ಅಂತೂ ಇಳಿದ. ಕೈಗೆ ಏನಾದರೂ ಕೆಲಸ ಬೇಕಿತ್ತು, ಇದನ್ನು ಬರೆಯುತ್ತಿದ್ದೇನೆ. ಮನೆ ಸಾಮಾನಿಗೆಂದು ಅವರು ತರಿಸಿದ ಬಾಡಿಗೆ ಟ್ರಕ್ಕನ್ನು ಸುತ್ತಿಕೊಂಡು ಹೋದ. ಬೆಲ್ ಒತ್ತಿದ. ಪ್ರಾಣೇಶ್ ಬಾಗಿಲು ತೆರೆದರು. ಬದರಿ ತಲೆ ತಗ್ಗಿಸಿ ಮಾತಾಡುತ್ತಿದ್ದಾನೆ. ಪ್ರಾಣೇಶ್ ಬಾಗಿಲಿಗೆ ಅಡ್ಡ ನಿಂತೇ ಇದ್ದಾರೆ.

…ಸರಿದರು. ಬದರಿ ಒಳಗೆ ಹೋದ.

ಮಾಧವಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ನಿಂತು ನನ್ನತ್ತಲೇ ನೋಡುತ್ತಿದ್ದಾಳೆ. ಕರೆಯುತ್ತಿಲ್ಲ. ಒಳಗೂ ಹೋಗುತ್ತಿಲ್ಲ. ಇನ್ನೂ ನಿಂತಿದ್ದಾಳೆ. ಸರಿ, ನಾನೇ ಇಳಿ—